ಗಿಡಗಳ ಸಂದಿಯಲ್ಲಿ ಡಿಸ್ಕ್ ಎಸೆದ ಎರಡು ರೌಂಡ್

ಐದನೇ ಹೋಲ್ ಮುಗಿಯುವಷ್ಟರಲ್ಲಿ ಅದೊಂದರಲ್ಲೇ ನನ್ನ ಎಸೆತದ ಲೆಕ್ಕ ಒಂಬತ್ತಕ್ಕೆ ಹೋಗಿತ್ತು. ಮೂರು ಎಸೆತದಲ್ಲಿ ಮುಗಿಯಬೇಕಾದ ಹೋಲ್ ಅದು.

ಖಾನಾಪುರದ ಹತ್ತಿರ ಗೆಳೆಯನ ಮನೆಯವರದೊಂದು ಗೇರು ತೋಟ ಇದೆ. ಅದರ ಹಿಂದೆ ಸಾಗವಾನಿ, ಮತ್ತಿ, ನೇರಳೆ ಒತ್ತಾಗಿ ಬೆಳೆದ ಜಾಗ. ಬೆಳಗಾವಿಯ ನಾವು ಹನ್ನೆರಡು ಜನ ಸೇರಿ ಅಲ್ಲಿ ಸಣ್ಣ ಡಿಸ್ಕ್ ಗಾಲ್ಫ್ ಟೂರ್ನಮೆಂಟ್ ಇಟ್ಟುಕೊಂಡೆವು. ಒಂಬತ್ತು ಹೋಲ್, ಎರಡು ರೌಂಡ್. ಗೆದ್ದವರಿಗೆ ಒಂದು ಕಿಲೋ ಕುಂದಾ.

ಆಟ ಗಾಲ್ಫಿನ ಹಾಗೇ. ಚೆಂಡು, ಕೋಲು ಇಲ್ಲ, ತಟ್ಟೆಯಂಥ ಡಿಸ್ಕ್ ಎಸೆಯಬೇಕು. ಗುಂಡಿಯ ಬದಲು ಸರಪಳಿ ಇಳಿಬಿಟ್ಟ ಬುಟ್ಟಿ. ಈ ಬುಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದ್ದು ಅಮೆರಿಕದ ಎಡ್ ಹೆಡ್ರಿಕ್. ನಮ್ಮವನ್ನು ಉದ್ಯಮಬಾಗದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಬುಟ್ಟಿಯ ಅಂಚು ನೆಲದಿಂದ 82 ಸೆಂಟಿಮೀಟರ್ ಎತ್ತರ ಇರಬೇಕೆಂದು ನಾನು ಟೇಪ್ ಹಿಡಿದು ನಿಂತಿದ್ದೆ. ವೆಲ್ಡರ್ ಕಾಕಾ, "ಏನ್ರಿ ಸರ, ಕೋಳಿ ಮುಚ್ಚಾಕೇನ್ರಿ ಇದು?" ಅಂದರು.

ನಾನು ಅಭ್ಯಾಸ ಮಾಡಿದ್ದು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ. ಬಯಲಲ್ಲಿ ದೂರ ಎಸೆಯುವುದೊಂದೇ ಖುಷಿ. ಅದೇ ಖುಷಿಯನ್ನು ಕಾಡಿಗೂ ಹೊತ್ತುಕೊಂಡು ಹೋದೆ ನೋಡಿ, ತಪ್ಪಾಗಿದ್ದು ಅಲ್ಲೇ.

ಐದನೇ ಹೋಲಿನಲ್ಲಿ ಎರಡು ಮತ್ತಿ ಗಿಡಗಳ ನಡುವೆ ಎರಡು ಮಾರು ಸಂದಿ. ನಾನು ದೂರದ ಎಸೆತದ ಡಿಸ್ಕ್, ಅಂದರೆ ಡ್ರೈವರ್, ತೆಗೆದು ಜೋರಾಗಿ ಬೀಸಿದೆ. ಟಣ್ ಅಂತ ಗಿಡಕ್ಕೆ ಬಡಿದು ಲಂಟಾನದೊಳಗೆ ಹೋಯಿತು. ಅಡ್ಡ ಬಂದ ಕೊಂಬೆ ಮುರಿಯುವ ಹಾಗಿಲ್ಲ, ಹಿಡಿದು ಬಗ್ಗಿಸುವ ಹಾಗೂ ಇಲ್ಲ. ಎಲೆಗಳ ನಡುವೆ ಒಂದು ಕಿಂಡಿಯಲ್ಲಿ ಬುಟ್ಟಿ ಕಾಣಿಸಿತು. ಕಿಂಡಿ ಕಂಡರೆ ಸಾಕು, ಮನಸ್ಸು ಕೇಳುವುದಿಲ್ಲ. ಎರಡನೆಯದು ಸಾಗವಾನಿಗೆ ಬಡಿದು ನನ್ನ ಹಿಂದೆ ಬಿತ್ತು. ಮೂರನೆಯದೂ ಬಡಿಯಿತು. ನಾಲ್ಕನೆಯದು ಹೇಗೋ ದಾಟಿತು, ಆದರೆ ಕಾಣೆಯಾಯಿತು. ಕೆಂಪು ಮಣ್ಣು, ಒಣಗಿದ ಸಾಗವಾನಿ ಎಲೆ, ನನ್ನ ಡಿಸ್ಕ್ ಕಿತ್ತಳೆ ಬಣ್ಣದ್ದು! ಹುಡುಕಲು ಮೂರು ನಿಮಿಷ ಮಾತ್ರ. ಸಿಗಲಿಲ್ಲ ಅಂದರೆ ಒಂದು ಎಸೆತ ದಂಡ, ಮತ್ತೆ ಹಿಂದಿನ ಜಾಗದಿಂದಲೇ ಎಸೆಯಬೇಕು. ಹಾಗೆ ಹಾಗೆ ಒಂಬತ್ತಾಯಿತು. ರೌಂಡ್ ಮುಗಿದಾಗ 44.

ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತೋಟ ನೋಡಿಕೊಳ್ಳುವ ಅಜ್ಜ ಬೆಳಗ್ಗೆಯಿಂದ ನನ್ನನ್ನೇ ನೋಡುತ್ತಿದ್ದರಂತೆ. "ಗಿಡಾನ ಹೊಡಿಯೂದಿತ್ತಂದ್ರ ಕವಣಿ ತರಬೇಕಿತ್ತಲ್ಲೋ ತಮ್ಮಾ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಎರಡನೇ ರೌಂಡಿನಲ್ಲಿ ಡ್ರೈವರುಗಳನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಮೊದಲ ಎಸೆತಕ್ಕೂ ಪಟರ್. ಅದು ನಿಧಾನದ ಡಿಸ್ಕ್, ದೂರ ಹೋಗುವುದಿಲ್ಲ, ಆದರೆ ನೇರ ಹೋಗುತ್ತದೆ. ಗಿಡಕ್ಕೆ ಬಡಿದರೂ ಹೆಚ್ಚಾಗಿ ಬುಡದಲ್ಲೇ ಬೀಳುತ್ತದೆ, ಲಂಟಾನದ ತನಕ ಓಡುವುದಿಲ್ಲ. ಬುಟ್ಟಿ ನೋಡುವುದನ್ನೂ ಬಿಟ್ಟೆ. ಮುಂದಿನ ಎಸೆತಕ್ಕೆ ಎಲ್ಲಿ ನಿಂತರೆ ದಾರಿ ತೆರೆದಿರುತ್ತದೆ ಅಂತ ನೋಡಿ ಅಲ್ಲಿಗೆ ಎಸೆದೆ. ನಾನು ಬಲಗೈಯವನು. ನಾನು ಬ್ಯಾಕ್‌ಹ್ಯಾಂಡ್ ಎಸೆದರೆ ವೇಗ ಇಳಿದಾಗ ಡಿಸ್ಕ್ ಎಡಕ್ಕೆ ವಾಲುತ್ತದೆ, ಫೋರ್‌ಹ್ಯಾಂಡ್ ಎಸೆದರೆ ಬಲಕ್ಕೆ. ದಾರಿ ಯಾವ ಕಡೆ ತಿರುಗುತ್ತದೋ ಆ ಎಸೆತ. ಕೊಂಬೆಗಳು ಕೆಳಗೇ ಇರುವುದರಿಂದ ಎದೆ ಮಟ್ಟಕ್ಕಿಂತ ಮೇಲೆ ಹೋಗದ ಹಾಗೆ ನೋಡಿಕೊಂಡೆ.

ಐದನೇ ಹೋಲಿನಲ್ಲಿ ಮತ್ತೆ ಅದೇ ಲಂಟಾನ! ಅದೇ ಕಿಂಡಿಯೂ ಕಂಡಿತು. ಈ ಸಲ ಬುಟ್ಟಿಗೆ ಬೆನ್ನು ಹಾಕಿ, ಮೊಣಕಾಲೂರಿ, ಎಂಟು ಮೀಟರ್ ಆಚೆ ದಾರಿಗೆ ಸುಮ್ನೆ ತಳ್ಳಿದೆ. ನೋಡುವವರಿಗೆ ಏನೂ ಮಜಾ ಇರಲಿಲ್ಲ. ಆದರೆ ನಾಲ್ಕರಲ್ಲಿ ಮುಗಿಯಿತು.

ಏಳನೆಯದರಲ್ಲಿ ಡಿಸ್ಕ್ ನೇರಳೆ ಗಿಡದ ಮೇಲೆ ಸಿಕ್ಕಿಕೊಂಡಿತು. ಎರಡು ಮೀಟರಿಗಿಂತ ಮೇಲೆ ಸಿಕ್ಕಿದರೆ ದಂಡ ಎಂಬ ನಿಯಮವನ್ನು ಬೇಕಾದರೆ ಇಟ್ಟುಕೊಳ್ಳಬಹುದು. ನಾವು ಇಟ್ಟಿರಲಿಲ್ಲ, ಪುಣ್ಯ. ಅದರ ನೇರ ಕೆಳಗಿನ ಜಾಗದಿಂದ ಬೇರೆ ಡಿಸ್ಕ್ ಎಸೆದು ಮುಂದೆ ಹೋದೆ.

ಎರಡನೇ ರೌಂಡ್ 34. ಕುಂದಾ ಬೇರೆಯವರ ಪಾಲಾಯಿತು, ಆದರೂ ಒಂದು ಚಮಚ ಕೊಟ್ಟರು. ಆಮೇಲೆ ಡಿಸ್ಕ್ ಇಳಿಸಲು ನೇರಳೆ ಗಿಡ ಹತ್ತಿದೆ. ಅಲ್ಲಿ ಚಗಳಿ ಇರುವೆಯ ಗೂಡಿತ್ತು. ಇಳಿದದ್ದು ಹತ್ತಿದ್ದಕ್ಕಿಂತ ಜಲ್ದಿ.

ಕಿತ್ತಳೆ ಡಿಸ್ಕ್ ಮಾತ್ರ ಇನ್ನೂ ಸಿಕ್ಕಿಲ್ಲ. ಮಳೆಗಾಲ ಮುಗಿದು ಎಲೆ ಕೊಳೆತ ಮೇಲೆ ಹುಡುಕೋಣ ಅಂದಿದ್ದಾರೆ ಅಜ್ಜ. ಅಷ್ಟರಲ್ಲಿ ನೀಲಿಯದೊಂದು ಕೊಂಡಿದ್ದೇನೆ.