ಅಡುಗೆಮನೆಗೆ ಕಲ್ಲು, ಕಾಂಕ್ರೀಟ್, ತಾಮ್ರ: ಯಾವ ಫಿನಿಶ್ ಎಲ್ಲಿಗೆ, ಮಾಡುವುದು ಹೇಗೆ

ಅಂಗಡಿಯ ದೀಪದ ಕೆಳಗೆ ಕಲ್ಲು ಹೇಗೆ ಹೊಳೆಯುತ್ತದೆ ಅನ್ನುವುದನ್ನು ಸ್ವಲ್ಪ ಬದಿಗಿಡಿ. ನಿಮ್ಮ ಮನೆಯಲ್ಲಿ ಅದರ ಮೇಲೆ ಏನೇನು ಬೀಳುತ್ತದೆ ಅಂತ ಮೊದಲು ಯೋಚಿಸಿ. ಹುಣಸೆ ರಸ, ನಿಂಬೆಹಣ್ಣು, ಅರಿಶಿನ, ಒಗ್ಗರಣೆ ಎಣ್ಣೆ, ಬೋರ್‌ವೆಲ್ ನೀರು. ಬೆಂಗಳೂರಿನ ಅಡುಗೆ ಕಟ್ಟೆ ದಿನಾ ಇಷ್ಟನ್ನೂ ತಡೆದುಕೊಳ್ಳಬೇಕು. ಅದಕ್ಕೇ ನಾನು ಹೇಳುವುದು, ಕೆಲಸ ನಡೆಯುವ ಕಟ್ಟೆಗೆ ಗ್ರಾನೈಟ್, ನೋಡಲು ಚೆಂದ ಬೇಕಾದ ಗೋಡೆಗೆ ಕಾಂಕ್ರೀಟ್, ಒಲೆ ಮತ್ತು ಸಿಂಕಿನಿಂದ ದೂರದ ಜಾಗಕ್ಕೆ ತಾಮ್ರ.

ಕಲ್ಲಿನಿಂದ ಶುರು ಮಾಡೋಣ. ನಾವು ಬದುಕುತ್ತಿರುವುದೇ ಬಂಡೆಯ ಮೇಲೆ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, 1956ರಲ್ಲಿ ಮುಗಿದ ವಿಧಾನಸೌಧ ನಿಂತಿರುವುದೂ ಗ್ರಾನೈಟ್‌ನಲ್ಲೇ. ಬೆಂಗಳೂರಿನ ಹೊರಗಿನ ಜಿಗಣಿ ಕಡೆ ಹೋದರೆ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಬೆಳಗ್ಗೆ ಬಿಸಿಲಿರುವಾಗ ಹೋಗಿ, ಒಂದು ಬಾಟಲಿ ನೀರು, ಬಿಳಿ ಬಟ್ಟೆ, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಜೊತೆಗಿರಲಿ. ಕಡು ಕಪ್ಪು ಗ್ರಾನೈಟ್‌ಗೆ ಕೆಲವೊಮ್ಮೆ ಬಣ್ಣ ಅಥವಾ ಎಣ್ಣೆ ಹಚ್ಚಿ ಮಾರುತ್ತಾರೆ. ರಿಮೂವರ್‌ನಲ್ಲಿ ಬಟ್ಟೆ ಅದ್ದಿ ಒಂದು ಮೂಲೆ ಗಟ್ಟಿಯಾಗಿ ಉಜ್ಜಿ, ಬಟ್ಟೆ ಕಪ್ಪಾದರೆ ಆ ಚಪ್ಪಡಿ ಬೇಡ. ಆಮೇಲೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಡಿ. ಒರೆಸಿದ ಮೇಲೂ ಆ ಜಾಗ ಗಾಢವಾಗಿಯೇ ಉಳಿದರೆ ಕಲ್ಲು ನೀರು ಕುಡಿಯುತ್ತದೆ ಅಂತ ಅರ್ಥ. ಅಂಥದ್ದಕ್ಕೆ ನೀರು, ಎಣ್ಣೆ ಒಳಗಿಳಿಯದಂತೆ ತಡೆಯುವ ಸೀಲರ್ ಹಚ್ಚಲೇಬೇಕು.

ಕತ್ತರಿಸಿ ಉಳಿದ ಒಂದು ತುಂಡನ್ನು ಕೇಳಿ ಮನೆಗೆ ತನ್ನಿ, ಸಾಮಾನ್ಯವಾಗಿ ಸುಮ್ನೆ ಕೊಡುತ್ತಾರೆ. ಅದರ ಮೇಲೆ ನಿಂಬೆರಸದ ಒಂದು ಹನಿ ಹಾಕಿ, ಕಾಲು ಗಂಟೆ ಬಿಟ್ಟು ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಾರ್ಬಲ್ ಆಗಿದ್ದರೆ ಹನಿ ಇದ್ದಷ್ಟು ಅಗಲಕ್ಕೆ ಹೊಳಪು ಸತ್ತು ಮಂಕಾದ ಗುರುತು ಕಾಣುತ್ತದೆ. ಪಾಲಿಶ್ ಮಾಡಿದ ಕಡಪ ಕಲ್ಲಿಗೂ ಇದೇ ಗತಿ. ಇದು ಕಲೆಯಲ್ಲ, ತೊಳೆದರೆ ಹೋಗುವುದಿಲ್ಲ. ಎರಡರಲ್ಲೂ ಇರುವುದು ಸುಣ್ಣದ ಅಂಶ, ಹುಳಿ ಅದನ್ನು ತಿಂದುಹಾಕುತ್ತದೆ. ಗ್ರಾನೈಟ್‌ಗೆ ನಿಂಬೆರಸದಿಂದ ಏನೂ ಆಗುವುದಿಲ್ಲ. ಕಡಪ ಕಲ್ಲು ಕೆಟ್ಟದ್ದು ಅಂತಲ್ಲ, ಕಟ್ಟೆ ಕೆಳಗಿನ ಅರೆಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ, ಬೆಲೆಯೂ ಕಡಿಮೆ.

ಫಿನಿಶ್ ವಿಷಯಕ್ಕೆ ಬಂದರೆ ನನಗೆ ಇಷ್ಟ ಲೆದರ್ ಫಿನಿಶ್. ಮೇಲ್ಮೈ ಸ್ವಲ್ಪ ಉಬ್ಬುತಗ್ಗಾಗಿ ಕೈಗೆ ಹಿತವಾಗಿರುತ್ತದೆ, ಬೆರಳ ಗುರುತೂ ಗಡಸು ನೀರಿನ ಬಿಳಿ ಕಲೆಯೂ ಎದ್ದು ಕಾಣುವುದಿಲ್ಲ. ಆದರೆ ಚಪಾತಿ ಹಿಟ್ಟು ತಗ್ಗಿನಲ್ಲಿ ಕೂರುತ್ತದೆ. ದಿನಾ ಕಟ್ಟೆ ಮೇಲೇ ಲಟ್ಟಿಸುವವರಾದರೆ ಪಾಲಿಶ್ ಇರುವುದೇ ಸರಿ.

ಬೇಲೂರು, ಹಳೇಬೀಡಿನ ಶಿಲ್ಪಗಳ ಬಳಪದ ಕಲ್ಲೂ ಹುಳಿಗೆ ಹೆದರುವುದಿಲ್ಲ, ಆದರೆ ಮೆತ್ತಗಿರುವುದರಿಂದ ಕಟ್ಟೆಗೆ ಹಾಕಿದರೆ ಚಾಕುವಿನ ಗೀರು ಬೇಗ ಬೀಳುತ್ತದೆ. ಅದೇ ಮೆತ್ತಗಿನ ಗುಣ ಶಿಲ್ಪಕ್ಕೆ ವರ. ಮೊದಲ ಸಲ ಕೆತ್ತುವವರು ಅಂಗೈಯಷ್ಟು ತುಂಡು ತಗೊಂಡು, ಆಕಾರವನ್ನು ಅರದಿಂದ ಉಜ್ಜಿ ತೆಗೆದು, ಆಮೇಲೆ 220, 400, 600 ನಂಬರಿನ ವಾಟರ್ ಪೇಪರ್‌ನಿಂದ ಒಂದಾದ ಮೇಲೊಂದು ನೀರಲ್ಲೇ ತಿಕ್ಕಿ, ಕೊನೆಗೆ ಮೇಣ ಸವರಿದರೆ ಮಾಸಲು ಬೂದು ಬಣ್ಣ ಹೋಗಿ ಕಲ್ಲಿನ ಒಳಗಿನ ಕಡು ಬಣ್ಣ ಮೇಲೆ ಬರುತ್ತದೆ. ಒಣಗಿದ್ದನ್ನು ಉಜ್ಜಬೇಡಿ, ಮಾಸ್ಕ್ ಹಾಕಿ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ನಿಜಕ್ಕೂ ಕೆಟ್ಟದ್ದು. ಕಸುಬುದಾರರ ಕೈಚಳಕ ನೋಡಬೇಕೆಂದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ಬನ್ನಿ.

ಈಗ ಕಾಂಕ್ರೀಟ್. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ನೆನಪಿದೆಯಲ್ವಾ? ಇವತ್ತು ಜಾಸ್ತಿ ದುಡ್ಡು ಕೊಟ್ಟು ಮಾಡಿಸುವ ಮೈಕ್ರೋ ಸಿಮೆಂಟ್ ಕೂಡ ಸಿಮೆಂಟಿಗೆ ಬಣ್ಣ ಬೆರೆಸುವ ಕೆಲಸವೇ. ವ್ಯತ್ಯಾಸ ಅಂದರೆ ಇದರಲ್ಲಿ ಅಂಟು ಸೇರಿಸಿ 2-3 ಮಿಲಿಮೀಟರ್ ದಪ್ಪಕ್ಕೆ ಎಳೆಯುತ್ತಾರೆ. ಬಣ್ಣದ ಪುಡಿ ಸಿಮೆಂಟಿನ ತೂಕದ ನೂರಕ್ಕೆ 5ರಷ್ಟು ಸಾಕು, ಅಂದರೆ 50 ಕೆ.ಜಿ. ಮೂಟೆಗೆ ಎರಡೂವರೆ ಕೆ.ಜಿ. 10 ದಾಟಿದರೆ ಬಣ್ಣ ಹೆಚ್ಚೇನೂ ಏರುವುದಿಲ್ಲ, ಗಟ್ಟಿತನ ಮಾತ್ರ ಕಡಿಮೆಯಾಗುತ್ತದೆ. ಒಂದು ಗೋಡೆಗೆ ಬೇಕಾದಷ್ಟು ಸಿಮೆಂಟು ಮತ್ತು ಬಣ್ಣವನ್ನು ಒಣಗಿದ್ದಾಗಲೇ ಒಟ್ಟಿಗೆ ಬೆರೆಸಿಡಿ, ಇಲ್ಲದಿದ್ದರೆ ಗೋಡೆಯ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ ಆಗುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಮಾಡಿಸುವುದಾದರೆ ಕಿಟಕಿ ಮುಚ್ಚಿಸಿ, ಬೇಗ ಒಣಗಿದರೆ ಕೂದಲೆಳೆ ಬಿರುಕು ಬೀಳುತ್ತದೆ. ಸಿಮೆಂಟು, ಮರಳಿನ ಗಾರೆಯಾದರೆ ಒಂದು ವಾರ ಹದವಾಗಿ ನೀರು ಸಿಂಪಡಿಸಿ. ತಿಂಗಳು ಕಳೆದು ಚೆನ್ನಾಗಿ ಒಣಗಿದ ಮೇಲೆ ಪಿಯು (ಪಾಲಿಯುರೆಥೇನ್) ಸೀಲರ್ ಎರಡು ಕೋಟ್ ಹೊಡೆಸಿ. ಮೈಕ್ರೋ ಸಿಮೆಂಟಿಗೆ ಕಂಪನಿ ಡಬ್ಬದ ಮೇಲೆ ಹೇಳಿದ ಸಮಯವನ್ನೇ ಪಾಲಿಸಿ. ನಿಂಬೆರಸ ಸಿಮೆಂಟನ್ನೂ ತಿನ್ನುತ್ತದೆ, ಹಾಗಾಗಿ ಇದು ಗೋಡೆಗೆ ಸರಿ, ಕಟ್ಟೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬಾಲ್ಕನಿಗೆ ಸಣ್ಣ ಶಿಲ್ಪ ಮಾಡುವ ಆಸೆಯಿದ್ದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿಯನ್ನು ಬೈಂಡಿಂಗ್ ವೈರ್‌ನಿಂದ ಕಟ್ಟಿ ಆಕಾರ ಮಾಡಿಕೊಳ್ಳಿ. ಒಂದು ಪಾಲು ಸಿಮೆಂಟು, ಎರಡು ಪಾಲು ಜರಡಿ ಹಿಡಿದ ಮರಳು ಕಲಸಿ ಒಳಗೆ ಒತ್ತಿ. ಮಾರನೇ ದಿನ ಅದಿನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಹಳೇ ಚಾಕುವಿನಲ್ಲಿ ಕಣ್ಣು, ಮೂಗು, ಮಡಿಕೆಗಳನ್ನು ಕೆರೆದು ತೆಗೆಯಲು ಅದೇ ಸರಿಯಾದ ಸಮಯ. ಜಾಲರಿ ಎಲ್ಲೂ ಹೊರಗೆ ಇಣುಕಬಾರದು, ತುಕ್ಕು ಹಿಡಿದು ಉಬ್ಬಿದರೆ ಮೇಲಿನ ಸಿಮೆಂಟ್ ಒಡೆದುಹೋಗುತ್ತದೆ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಗ್ಲೌಸ್ ಮರೆಯಬೇಡಿ.

ತಾಮ್ರದ ಮೇಲೆ ನೀಲಿ-ಹಸಿರು ಬಣ್ಣ ತರಿಸುವುದು ಸುಲಭ. ತಗಡನ್ನು ಸ್ಕ್ರಬ್ಬರ್‌ನಿಂದ ಉಜ್ಜಿ, ಸೋಪಿನಲ್ಲಿ ತೊಳೆದು, ಬೆರಳು ಸೋಕಿಸದೆ ಒಣಗಿಸಿ. ಬಡಗಿ ಅಂಗಡಿಯಿಂದ ಮರದ ಹೊಟ್ಟು ತಂದು ವಿನೆಗರ್ ಮತ್ತು ಉಪ್ಪಿನಲ್ಲಿ ನೆನೆಸಿ, ತಗಡಿನ ಮೇಲೆ ಹರಡಿ, ಪ್ಲಾಸ್ಟಿಕ್ ಮುಚ್ಚಿ ಎರಡು ಮೂರು ದಿನ ಬಿಡಿ. ಹೊಟ್ಟು ತಾಗಿದಲ್ಲಿ ಒಂದು ಬಣ್ಣ, ತಾಗದಲ್ಲಿ ಇನ್ನೊಂದು ಬಂದು ಚಿತ್ತಾರ ಮೂಡುತ್ತದೆ. ಒಣಗಿದ ಮೇಲೆ ಮೃದುವಾದ ಬ್ರಶ್‌ನಿಂದ ಹೊಟ್ಟು ಉದುರಿಸಿ ಕ್ಲಿಯರ್ ಲ್ಯಾಕರ್ ಹೊಡೆಯಿರಿ, ಬಣ್ಣ ಸ್ವಲ್ಪ ಗಾಢವಾಗುತ್ತದೆ. ಇದು ಅಪ್ಪಟ ಕಿಲುಬು, ವಿಷ. ಹಿತ್ತಾಳೆ ಪಾತ್ರೆಗೆ ಅಜ್ಜಿಯಂದಿರು ಕಲಾಯಿ ಹಾಕಿಸುತ್ತಿದ್ದುದು ಇದಕ್ಕೇ. ಊಟದ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿ, ಆಹಾರ ತಾಗುವ ಕಡೆ ಖಂಡಿತ ಬೇಡ.

ಸ್ಟೀಲ್ ಸಿಂಕಿಗೆ ಬಿಲ್ಲಿನಲ್ಲೇ 304 ದರ್ಜೆ ಅಂತ ಬರೆಸಿಕೊಳ್ಳಿ, ಅದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಅಯಸ್ಕಾಂತ ಇಟ್ಟು ನೋಡಿ ನಂಬಬೇಡಿ, ಕಡಿಮೆ ದರ್ಜೆಯ 202ಕ್ಕೂ ಅದು ಅಂಟುವುದಿಲ್ಲ. ಟೈಲ್ಸ್ ಕೆಲಸ ಮುಗಿದ ಮೇಲೆ ಮೇಸ್ತ್ರಿ ಆಸಿಡ್ ವಾಶ್ ಮಾಡುತ್ತಾರಲ್ಲ, ಅದರ ಹೊಗೆಗೇ ಒಳ್ಳೆಯ ಸ್ಟೀಲ್ ಮೇಲೂ ತುಕ್ಕಿನ ಚುಕ್ಕಿ ಬೀಳುತ್ತದೆ. ಆ ಕೆಲಸ ಮುಗಿದು, ನೆಲ ಚೆನ್ನಾಗಿ ತೊಳೆದು, ಎರಡು ದಿನ ಗಾಳಿಯಾಡಿದ ಮೇಲೆ ಸಿಂಕ್, ಹಿಡಿಕೆ, ನಲ್ಲಿ ಎಲ್ಲ ತರಿಸಿ.