ಕಾಶಿಗೆ ಹೋಗಿಬರುವಂಥ ಸೆಕೆಂಡ್ ಹ್ಯಾಂಡ್ ಕಾರು: ಮೂರು ಲಕ್ಷದೊಳಗೆ ಆರಿಸುವುದು ಹೇಗೆ

ಹೈದರಾಬಾದ್, ನಾಗಪುರ, ಜಬಲ್‌ಪುರ, ರೀವಾ, ಪ್ರಯಾಗರಾಜ್ ದಾರಿ ಹಿಡಿದರೆ ಬೆಂಗಳೂರಿನಿಂದ ಕಾಶಿಗೆ ಸುಮಾರು 1,800 ಕಿ.ಮೀ. ಅಲ್ಲಲ್ಲಿ ಸುತ್ತಾಡಿ ವಾಪಸ್ ಬರಲು 4,000 ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ. ಊರೊಳಗೆ ಆರು ತಿಂಗಳು ಹೇಗೋ ತಳ್ಳಬಹುದಾದ ಸಣ್ಣ ದೋಷ ಆದಿಲಾಬಾದ್ ದಾಟಿದ ಮೇಲೆ, ಮಟಮಟ ಮಧ್ಯಾಹ್ನ, ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಹಾಗಾಗಿ ಅಲಾಯ್ ವೀಲು, ಟಚ್ ಸ್ಕ್ರೀನು ನೋಡಿ ಬೆಲೆ ಕಟ್ಟಬೇಡಿ. ಕೂಲಿಂಗ್, ಟೈರು, ಬ್ರೇಕು, ಇವು ಮೂರು ಸರಿಯಿರುವ ಗಾಡಿ ಹುಡುಕಿ.

ಕೈಯಲ್ಲಿ ಮೂರು ಲಕ್ಷ ಇದ್ದರೆ ಕಾರಿಗೆ 2.4 ಲಕ್ಷ ದಾಟಬೇಡಿ. ಉಳಿದ 60 ಸಾವಿರ ಟೈರು, ಬ್ಯಾಟರಿ, ಪೂರ್ತಿ ಸರ್ವಿಸ್, ಇನ್ಶೂರೆನ್ಸ್, ಹೆಸರು ವರ್ಗಾವಣೆಗೆ ಬೇಕೇ ಬೇಕು. ಇದನ್ನು ಎತ್ತಿಡದೆ ಕೊಂಡವರೇ ಸವೆದ ಟೈರಿನಲ್ಲಿ ಹೊರಡುವುದು.

ಯಾವ ಗಾಡಿ? ಈ ಬೆಲೆಗೆ ಹಳೆಯ ಡೀಸೆಲ್ ಬೇಡ. ಇಂಜೆಕ್ಟರ್ ಅಥವಾ ಟರ್ಬೊ ಕೈಕೊಟ್ಟರೆ ರಿಪೇರಿಯ ಒಂದೇ ಬಿಲ್ಲು ಉಳಿಸಿದ ಡೀಸೆಲ್ ದುಡ್ಡನ್ನೆಲ್ಲ ನುಂಗುತ್ತದೆ. ಪೆಟ್ರೋಲಿನಲ್ಲಿ 998 ಸಿಸಿಯ ವ್ಯಾಗನ್ ಆರ್, 1.2 ಲೀಟರ್ ಸ್ವಿಫ್ಟ್, 1.2 ಕಪ್ಪಾ ಎಂಜಿನ್ನಿನ ಐ10, 1.5 ಲೀಟರ್ ಎಟಿಯೋಸ್ ನೋಡಿ. ನಾಲ್ಕರಲ್ಲೂ ಟೈಮಿಂಗ್ ಚೈನ್ (ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಲೋಹದ ಸರಪಳಿ) ಇದೆ. 1.1 ಲೀಟರ್ ಐ10, ಸ್ಯಾಂಟ್ರೊ ಜಿಂಗ್, ಆಲ್ಟೊ 800 ಇವುಗಳಲ್ಲಿ ಅದೇ ಕೆಲಸಕ್ಕಿರುವುದು ಅವಧಿಗೊಮ್ಮೆ ಬದಲಿಸಬೇಕಾದ ರಬ್ಬರ್ ಬೆಲ್ಟ್. ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಟೆನ್ಷನರ್ ಸಮೇತ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಡಿತಗೊಳಿಸಿ. ಬಿಡಿಭಾಗದ ವಿಷಯದಲ್ಲಿ ಮಾರುತಿಗೆ ಸಾಟಿಯಿಲ್ಲ, ಸಣ್ಣ ಊರಿನಲ್ಲೂ ಸಿಗುತ್ತದೆ. ಎಟಿಯೋಸ್ ಗಟ್ಟಿ ಗಾಡಿ, ಆದರೆ ಟ್ಯಾಕ್ಸಿಯಾಗಿ ದುಡಿದದ್ದು ಬಹಳ. ಹಳದಿ ಬೋರ್ಡಿನಿಂದ ಬಿಳಿಗೆ ಬಂದದ್ದೇ ಎಂದು ನೇರವಾಗಿ ಕೇಳಿ, ಟಾಪಿನ ಮೇಲೆ ಕ್ಯಾರಿಯರ್ ಕೂತಿದ್ದ ಗುರುತು ಹುಡುಕಿ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿದ್ದಾರೆ, ಅಂದರೆ ತಣ್ಣಗಿದ್ದಾಗ ಎದ್ದು ಕಾಣುವ ತೊಂದರೆ ಏನೋ ಇರಬಹುದು. ಇನ್ನೊಂದು ದಿನ ಬನ್ನಿ.

ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಒಳಗೆ ಹಸಿರೋ ನೀಲಿಯೋ ಗುಲಾಬಿಯೋ ಬಣ್ಣದ ಕೂಲಂಟ್ ಕುತ್ತಿಗೆಯವರೆಗೆ ಇರಬೇಕು. ಕಂದು ನೀರಿದ್ದರೆ ಕೂಲಂಟಿನ ಬದಲು ನಲ್ಲಿ ನೀರು ಹಾಕಿ ಓಡಿಸಿದ್ದಾರೆ, ಒಳಗೆ ತುಕ್ಕು ಹಿಡಿದಿದೆ. ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿರುವ ಸಂಶಯ, ಅಲ್ಲಿಂದ ಎದ್ದು ಬನ್ನಿ. ಆಯಿಲ್ ಕ್ಯಾಪಿನ ಕೆಳಗೆ ಕಾಫಿ ಹಾಲಿನಂಥ ನೊರೆ ಕಂಡರೂ ಇದೇ ಅನುಮಾನ. ಅಲ್ಯೂಮಿನಿಯಂ ಹೆಡ್ ಒಮ್ಮೆ ಚೆನ್ನಾಗಿ ಕಾದರೆ ಸೊಟ್ಟಗಾಗಬಹುದು, ಆಗ ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿದರೆ ಮತ್ತೆ ಸೋರುತ್ತದೆ.

ಈಗ ಸ್ಟಾರ್ಟ್ ಮಾಡಿ, ಎಸಿ ಹಾಕಿ, 20 ನಿಮಿಷ ನಿಂತಲ್ಲೇ ಬಿಡಿ. ಫ್ಯಾನು ತಾನಾಗಿ ತಿರುಗುವುದು, ನಿಲ್ಲುವುದು ಕೇಳಬೇಕು. ಕೆಲವು ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ದೀಪ ಹತ್ತುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಅದಕ್ಕೇ ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಒಂದು ಜೇಬಿನಲ್ಲಿರಲಿ. 2013ರ ನಂತರದ ಕಾರುಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಕೂಲಂಟ್ ಬಿಸಿ 80ರಿಂದ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು, ಒಂದೇ ಸಮನೆ ಏರುತ್ತಾ ಹೋಗಬಾರದು. ಬೇಸಿಗೆಯ ನಾಗಪುರದ 45 ಡಿಗ್ರಿ ಬಿಸಿಲಿನಲ್ಲೂ ಅದೇ ಸ್ಕ್ಯಾನರ್ ಕಣ್ಣೆದುರು ಇಟ್ಟುಕೊಂಡು ಓಡಿಸಬಹುದು. ಹೀಟರ್ ಕೂಡ ಹಾಕಿ ನೋಡಿ. ಬಿಸಿ ಗಾಳಿ ಬಾರದಿದ್ದರೆ ಕೂಲಂಟ್ ಕಮ್ಮಿಯಿರಬಹುದು, ಇಲ್ಲವೇ ಒಳಗೆ ಸೋರಿದ್ದಕ್ಕೆ ಹೀಟರಿನ ಪೈಪನ್ನೇ ಬೈಪಾಸ್ ಮಾಡಿರಬಹುದು.

ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬೆಳಗಿನ ಆವಿ ಎರಡು ನಿಮಿಷದಲ್ಲಿ ನಿಲ್ಲುವುದು ಸಹಜ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ. ಕ್ಲಚ್ ನೋಡಲು ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ನಿಧಾನಕ್ಕೆ ಕಾಲು ಎತ್ತಿ: ಎಂಜಿನ್ ತಕ್ಷಣ ಆಫ್ ಆಗಬೇಕು, ಆಗದೆ ಸುಮ್ಮನೆ ತಿರುಗುತ್ತಿದ್ದರೆ ಪ್ಲೇಟ್ ಸವೆದಿದೆ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿ, ಕಟಕಟ ಸದ್ದು ಬಂದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟ್ ಸವೆದಿದೆ. 80ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಿರಬಹುದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ್ದರೆ ಬದಲಿಸಿಯೇ ಹೊರಡಿ. ಹೆದ್ದಾರಿಯ ಬಿಸಿಗೆ ಒಣಗಿದ ರಬ್ಬರ್ ಸಿಡಿಯುತ್ತದೆ. ಸ್ಟೆಪ್ನಿಯ ಅಂಕಿಯನ್ನೂ ಓದಿ.

ಮುಳುಗಿದ ಗಾಡಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ಮಳೆಗೆ, ಕೇರಳದಲ್ಲಿ 2018ರಲ್ಲಿ, ಚೆನ್ನೈಯಲ್ಲಿ 2015ರಲ್ಲಿ ಎಷ್ಟೋ ಕಾರುಗಳು ನೀರಲ್ಲಿ ನಿಂತವು. ಎಷ್ಟೇ ತೊಳೆದರೂ ಮಣ್ಣು ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ರೀಲಿನೊಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಂಡರೆ ನೀರು ಅಲ್ಲಿಯವರೆಗೆ ಏರಿತ್ತು. ಸೀಟ್ ಹಳಿಯ ಬೋಲ್ಟುಗಳಿಗೆ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಹೂಳು, ಕಾರ್ಪೆಟ್ ಅಡಿಯ ಮುಗ್ಗಲು ವಾಸನೆ, ಇವೂ ಸಾಕ್ಷಿ. ಇಂಥ ಗಾಡಿಯ ವೈರಿಂಗ್ ಕನೆಕ್ಟರುಗಳು ತಿಂಗಳುಗಟ್ಟಲೆ ಕಳೆದು ಒಂದೊಂದಾಗಿ ಸಾಯುತ್ತವೆ, ಯಾವುದೆಂದು ಹುಡುಕುವುದೇ ಮೆಕ್ಯಾನಿಕ್‌ಗೆ ದೊಡ್ಡ ಕೆಲಸ. ಎಷ್ಟೇ ಅಗ್ಗವಾಗಿದ್ದರೂ ಬೇಡ.

ಕಾಗದಪತ್ರಕ್ಕೆ ಬಂದರೆ, ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ನೀವೇ ಹೋಲಿಸಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್ ದಿನಾಂಕ, ಆರ್‌ಸಿ ಅವಧಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದನ್ನು ಆರ್‌ಟಿಒಗೆ ತಿಳಿಸುವ ಫಾರಂ 35 ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ. ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಬೇಕು. ಹೊರರಾಜ್ಯದ ಗಾಡಿ ಅಗ್ಗವೆನಿಸುತ್ತದೆ, ಆದರೆ ಎನ್‌ಒಸಿ ತಂದು ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟುವಷ್ಟರಲ್ಲಿ ಆ ಅಗ್ಗವೆಲ್ಲ ಕರಗಿಹೋಗುತ್ತದೆ. ಕೆಎ ನಂಬರೇ ಹುಡುಕಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಾರಿದವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಹಾಗಾಗಿ ಪ್ರೀಮಿಯಂ ಸ್ವಲ್ಪ ಏರುತ್ತದೆ.

ಕೊಂಡ ಮೇಲೆ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್ ಎಲ್ಲ ಹೊಸದು ಹಾಕಿಸಿ. ಬ್ಯಾಟರಿ ನಾಲ್ಕು ವರ್ಷದ್ದಾದರೆ ಅದನ್ನೂ. ಆಮೇಲೆ ನೇರ ಕಾಶಿಗಲ್ಲ, ಮೊದಲು ಮಡಿಕೇರಿಗೆ ಹೋಗಿಬನ್ನಿ. ಹೋಗಿ ಬರಲು 500 ಕಿ.ಮೀ. ಚಿಲ್ಲರೆ, ಕುಶಾಲನಗರ ದಾಟಿದ ಮೇಲಿನ ಏರಿನಲ್ಲಿ ಎಂಜಿನ್ನಿಗೂ ಕ್ಲಚ್ಚಿಗೂ ಕೆಲಸ ಬೀಳುತ್ತದೆ. ಮನೆಯಲ್ಲಿ ಹೊರಡುವಾಗ ಡಿಪ್‌ಸ್ಟಿಕ್ಕಿನ ಆಯಿಲ್ ಮಟ್ಟ, ಕೂಲಂಟ್ ಡಬ್ಬಿಯ ಮಟ್ಟ ಎರಡರ ಫೋಟೊ ತೆಗೆದಿಡಿ. ಮರಳಿ ಬಂದ ಮಾರನೇ ಬೆಳಿಗ್ಗೆ, ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಮ್ಮೆ ತೆಗೆಯಿರಿ. ಕೂಲಂಟ್ ಇಳಿದಿದ್ದರೆ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುವ ತನಕ ಹೊರಡುವ ದಿನ ಮುಂದಕ್ಕೆ ಹಾಕಿ. ಆಯಿಲ್ ಕೂದಲೆಳೆಯಷ್ಟು ಇಳಿದಿದ್ದರೆ ಡಿಕ್ಕಿಯಲ್ಲಿ ಅದೇ ಗ್ರೇಡಿನ ಒಂದು ಲೀಟರ್ ಡಬ್ಬಿ ಇಟ್ಟುಕೊಂಡು ಹೊರಡಬಹುದು.