ಎಲುಬನ್ನು ನ್ಯಾನೋಮೀಟರ್‌ನಲ್ಲಿ ನೋಡಲು ಮೊದಲು ಗರಗಸ ಸರಿಯಾಗಿ ಹಿಡಿಯಿರಿ

ಎಲುಬು ಮುರಿದಿದೆಯೇ ಎಂದು ಆಸ್ಪತ್ರೆಯ ಎಕ್ಸ್-ರೇ ಹೇಳುತ್ತದೆ. ಆದರೆ ಎಲುಬಿಗೆ ಗಟ್ಟಿತನ ಕೊಡುವ ಖನಿಜದ ಬಿಲ್ಲೆಗಳ ದಪ್ಪ ಬರೀ 2ರಿಂದ 4 ನ್ಯಾನೋಮೀಟರ್. ಅವು ಕೂತಿರುವ, ಕಾಲಜನ್ ಎಂಬ ಪ್ರೋಟೀನಿನ ನಾರಿನಲ್ಲಿ ಸುಮಾರು 67 ನ್ಯಾನೋಮೀಟರಿಗೊಮ್ಮೆ ಒಂದೇ ವಿನ್ಯಾಸ ಮರುಕಳಿಸುತ್ತದೆ. ಇಷ್ಟು ಸಣ್ಣದರ ನೆರಳು ಹಿಡಿಯಲು ಹೋಗಬಾರದು. ಎಲುಬಿಗೆ ತಾಗಿದ ಕಿರಣ ಎಷ್ಟು ಕೋನದಲ್ಲಿ ಚದುರಿತು ಎಂದು ಅಳೆಯಬೇಕು.

ನಾನು ಕಾಸರಗೋಡಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಈ ವಿಷಯ ಆರಿಸಿಕೊಂಡು ಬರುವ ಮಕ್ಕಳು ಮೊದಲು ಕೇಳುವುದೇ ಯಂತ್ರದ ಬಗ್ಗೆ. "ಟೀಚರ್, ಇಂದೋರಿನ ಇಂಡಸ್-2ಕ್ಕೆ ಅರ್ಜಿ ಹಾಕೋಣವೇ?" ಖಂಡಿತ ಹಾಕೋಣ. ಆದರೆ ಎಲುಬಿನ ದಿಕ್ಕು ಮತ್ತು ತೇವ ಎರಡನ್ನೂ ಕತ್ತರಿಸುವ ಮೇಜಿನ ಮೇಲೆ ಕಳೆದುಕೊಂಡರೆ ಇಂಡಸ್-2ರಂಥ ಯಾವ ಸಿಂಕ್ರೋಟ್ರಾನೂ (ತೀಕ್ಷ್ಣ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ಅದನ್ನು ಮರಳಿ ಕೊಡುವುದಿಲ್ಲ.

ಆಡಿನ ಕಾಲಿನ ಉದ್ದೆಲುಬು ಸಾಕು. ಅದೇ ದಿನ ಕಡಿದದ್ದನ್ನು ಕೇಳಿ ಪಡೆಯಿರಿ. ಕುಂಬಳೆಯ ಮಾಂಸದಂಗಡಿಯ ಕಾಕ ನಮಗೆ ಗೊರಸಿನ ತುದಿ ಯಾವುದೆಂದು ತೋರಿಸಿಯೇ ಕೊಡುತ್ತಾರೆ. ಆ ತುದಿಯ ಕಡೆ, ಎಲುಬಿನ ಹೊರಮೈಯಲ್ಲಿ, ಅರದಿಂದ ಒಂದು ಸಣ್ಣ ಕಚ್ಚು ಹಾಕಿ. ಒದ್ದೆ ಎಲುಬಿನ ಮೇಲೆ ಪೆನ್ಸಿಲ್ ಗುರುತು ನಿಲ್ಲುವುದಿಲ್ಲ. ಕಚ್ಚು ಎಲ್ಲಿದೆ ಎಂದು ಪುಸ್ತಕದಲ್ಲಿ ಚಿತ್ರ ಬರೆದಿಡಿ. ಆಮೇಲೆ ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿ ಇಡಿ. ಸಲೈನ್ ಬಾಟಲಿಯೊಳಗೇ ಮುಳುಗಿಸಿ ದಿನಗಟ್ಟಲೆ ಬಿಡಬೇಡಿ, ಕ್ಯಾಲ್ಸಿಯಂ ನಿಧಾನವಾಗಿ ಕರಗಿ ಹೋಗುತ್ತದೆ.

ಕತ್ತರಿಸಲು ನಿಧಾನವಾಗಿ ತಿರುಗುವ ವಜ್ರದ ಅಲಗಿನ ಗರಗಸ ಬೇಕು. ನೀರು ಬೀಳುತ್ತಲೇ ಇರಲಿ. ಬಿಸಿಯೇರಿದರೆ ಕಾಲಜನ್‌ನ ಮೂರೆಳೆಯ ಹುರಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಅಳೆಯಲು ಏನೂ ಉಳಿಯುವುದಿಲ್ಲ. ಎಲುಬಿನ ಉದ್ದಕ್ಕೆ ಸಮಾನಾಂತರವಾಗಿ ಒಂದು ಬಿಲ್ಲೆ, ಅಡ್ಡಕ್ಕೆ ಇನ್ನೊಂದು ತೆಗೆಯಿರಿ. ಬಳಿಕ ಒದ್ದೆ ಮರಳುಕಾಗದದ ಮೇಲೆ ಬೆರಳ ತುದಿಯಿಂದ ವೃತ್ತಾಕಾರವಾಗಿ ಉಜ್ಜಿ. ತಾಮ್ರದ ಟ್ಯೂಬಿನ 8 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಕಿರಣಕ್ಕೆ ಸುಮಾರು 0.1 ಮಿಲಿಮೀಟರ್ ದಪ್ಪ ಹದ. ಆಗ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಕಿರಣ ದಾಟಿ ಹೋಗುತ್ತದೆ. ಸ್ಕ್ರೂ ಗೇಜಿನಿಂದ ಅಂಚಿನಲ್ಲೂ ನಡುವಿನಲ್ಲೂ ಅಳೆಯಿರಿ. ಒಂದು ಬದಿ ತೆಳುವಾದರೆ ಖನಿಜವೇ ಕಡಿಮೆಯಿದೆ ಎಂಬಂತೆ ಕಾಣುತ್ತದೆ.

ಒಣಗಿದ ಕಾಲಜನ್‌ನಲ್ಲಿ 67 ನ್ಯಾನೋಮೀಟರ್ ಕುಗ್ಗಿ 64-65ಕ್ಕೆ ಬರುತ್ತದೆ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುವ ಊರು ನಮ್ಮದು, ಆದರೆ ಯಂತ್ರದ ನಿರ್ವಾತದಲ್ಲಿ ಬಿಲ್ಲೆ ಬೇಗನೆ ಒಣಗಿಬಿಡುತ್ತದೆ. ಎಕ್ಸ್-ರೇ ದಾಟಬಲ್ಲ ಎರಡು ತೆಳು ಕ್ಯಾಪ್ಟಾನ್ ಪ್ಲಾಸ್ಟಿಕ್ ಹಾಳೆಗಳ ನಡುವೆ ಬಿಲ್ಲೆಯ ಜೊತೆ ಒಂದು ಹನಿ ಸಲೈನ್ ಹಾಕಿ ಬಿಗಿಯಾಗಿ ಮುಚ್ಚಿ. ಬಿಲ್ಲೆಯಿಲ್ಲದ, ಹನಿ ಮಾತ್ರ ಇರುವ ಅಂಥದೇ ಚೀಲದ ಚಿತ್ರವನ್ನೂ ತೆಗೆದು, ಎಲುಬಿನ ಚಿತ್ರದಿಂದ ಅದನ್ನು ಕಳೆಯಬೇಕು.

ಎಲುಬಿಗೆ ಮೊದಲು ಅದೇ ಕಾಲಿನ ಸ್ನಾಯುರಜ್ಜುವನ್ನು ಕಿರಣಕ್ಕೆ ಇಡಿ ಎನ್ನುವುದು ನನ್ನ ಹಟ. 1954ರಲ್ಲಿ, ಕಾಸರಗೋಡು ಇನ್ನೂ ಮದರಾಸು ರಾಜ್ಯದಲ್ಲಿದ್ದಾಗ, ಮದರಾಸು ವಿಶ್ವವಿದ್ಯಾಲಯದಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಕಾಲಜನ್‌ಗೆ ಮೂರೆಳೆಯ ರಚನೆಯನ್ನು ಸೂಚಿಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ರೇ ಚಿತ್ರಗಳ ಆಧಾರದಿಂದ. ಸ್ನಾಯುರಜ್ಜುವಿನಲ್ಲಿ ನಾರುಗಳೆಲ್ಲ ತುಳು ಪಾಡ್ದನದ ಸೊಲ್ಲಿನಂತೆ ಒಂದೇ ಲಯದಲ್ಲಿ ಸಾಲಾಗಿ ನಿಂತಿರುತ್ತವೆ, ಖನಿಜದ ಅಡ್ಡಿಯೂ ಇಲ್ಲ. ಅಲ್ಲಿ ಶಿಖರಗಳನ್ನು, ಅಂದರೆ ಚದುರಿದ ಕಿರಣ ಗಟ್ಟಿಯಾಗಿ ಬೀಳುವ ಜಾಗಗಳನ್ನು, ಗುರುತಿಸಲು ಕಣ್ಣು ಪಳಗಿದರೆ ಎಲುಬಿನಲ್ಲಿ ತಡಕಾಡಬೇಕಿಲ್ಲ.

ಡಿಟೆಕ್ಟರ್ ಒಂದು ಮೀಟರ್ ದೂರದಲ್ಲಿದ್ದರೆ 67 ನ್ಯಾನೋಮೀಟರಿನ ಮೊದಲ ಶಿಖರ ನಡುವಿನಿಂದ ಕೇವಲ 2.3 ಮಿಲಿಮೀಟರ್ ಆಚೆ ಬೀಳುತ್ತದೆ. ನೇರ ಕಿರಣ ತಡೆಯಲು ಡಿಟೆಕ್ಟರಿನ ಮುಂದೆ ಇಡುವ ಲೋಹದ ತುಂಡೇ ಅದನ್ನು ಮುಚ್ಚಬಹುದು. ಹಾಗಾಗಿ ಮೂರನೆಯ ಶಿಖರವನ್ನು, ಸುಮಾರು 7 ಮಿಲಿಮೀಟರ್ ದೂರದಲ್ಲಿ, ಹುಡುಕಿ. ದೂರದ ಅಳತೆಯನ್ನು, ಪದರಗಳ ಅಂತರ ಮೊದಲೇ ಗೊತ್ತಿರುವ ಸಿಲ್ವರ್ ಬೆಹನೇಟ್ ಪುಡಿಯ 5.838 ನ್ಯಾನೋಮೀಟರ್ ಉಂಗುರದಿಂದ ಮೊದಲೇ ಸರಿಪಡಿಸಿಕೊಳ್ಳಿ.

ಇನ್ನು ಚಿತ್ರ ಓದುವುದು. ಕಾಲಜನ್‌ನ ಶಿಖರಗಳು ನಾರಿನ ದಿಕ್ಕಿನಲ್ಲೇ ಬರುತ್ತವೆ. ಖನಿಜದ ಬಿಲ್ಲೆಗಳ ಚದುರುವಿಕೆ ಅದಕ್ಕೆ ಲಂಬವಾಗಿ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಎಲುಬಿನ ಉದ್ದಕ್ಕೆ ಕತ್ತರಿಸಿದ ಬಿಲ್ಲೆಯಲ್ಲಿ ಇವೆರಡರ ನಡುವೆ 90 ಡಿಗ್ರಿ ಕಾಣದಿದ್ದರೆ ಮುಂದೆ ಹೋಗಬೇಡಿ, ನಿಮ್ಮ ಕಚ್ಚಿನ ಗುರುತನ್ನು ಪುಸ್ತಕದ ಚಿತ್ರದೊಂದಿಗೆ ಹೋಲಿಸಿ. ಅನುಮಾನ ತೀರದಿದ್ದರೆ ಪಕ್ಕದ ಬಿಲ್ಲೆಯೊಂದನ್ನು ಇಡಿಟಿಎ ದ್ರಾವಣದಲ್ಲಿಟ್ಟು ಖನಿಜ ತೆಗೆಯಿರಿ. ರಬ್ಬರಿನಂತೆ ಬಾಗುವ ಆ ತುಂಡಿನಲ್ಲಿ ಕಾಲಜನ್ ಮಾತ್ರ ಉಳಿದಿರುವುದರಿಂದ ಶಿಖರಗಳು ಎದ್ದು ಕಾಣುತ್ತವೆ.

ಒಂದು ಬಿಂದುವಿನ ಚಿತ್ರ ಆ ಬಿಂದುವಿನೊಳಗಿನ ಲಕ್ಷಾಂತರ ನಾರುಗಳ ಸರಾಸರಿ. ನಕ್ಷೆ ಬೇಕಾದರೆ ಕಿರಣವನ್ನು ಅದರ ಅಗಲದಷ್ಟೇ ಸರಿಸುತ್ತಾ ಬಿಂದು ಬಿಂದುವಾಗಿ ತೆಗೆಯಬೇಕು. ಎಲುಬಿನ ಆಸ್ಟಿಯಾನ್ (ರಕ್ತನಾಳದ ಸುತ್ತ ಪದರ ಪದರವಾಗಿರುವ ಕೊಳವೆ) ಸುಮಾರು 0.2 ಮಿಲಿಮೀಟರ್ ಅಗಲ, ಅದಕ್ಕೆ 20 ಮೈಕ್ರೋಮೀಟರ್ ಕಿರಣ ಸಾಲುತ್ತದೆ. ಅದರೊಳಗಿನ ಪದರಗಳು ಬೇಕೆಂದರೆ ಒಂದು ಮೈಕ್ರೋಮೀಟರಿನ ಸಿಂಕ್ರೋಟ್ರಾನ್ ಕಿರಣವೇ ಬೇಕು. ಅಷ್ಟು ತೀಕ್ಷ್ಣ ಕಿರಣ ಕಾಲಜನ್ ಅನ್ನು ಸುಡುತ್ತದೆ. ಒಂದೇ ಜಾಗದ ಚಿತ್ರವನ್ನು ಎರಡು ಸಲ ತೆಗೆದು ನೋಡಿ. ಎರಡನೆಯದರಲ್ಲಿ ಮೂರನೆಯ ಶಿಖರ ಮಂಕಾದರೆ ಸಮಯವನ್ನು ಅರ್ಧಕ್ಕೆ ಇಳಿಸಿ, ಹೊಸ ಜಾಗಕ್ಕೆ ಸರಿಯಿರಿ.